ಮಲೆನಾಡಿನ ಬೇಸಿಗೆ: ಹಿತ್ತಲಿನ ಗಿಡ ಬಾಡುವುದೇಕೆ, ಉಳಿಸುವುದು ಹೇಗೆ?

ಮಳೆಗೆ ಹೆಸರಾದ ಸೀಮೆಯಲ್ಲಿ ಗಿಡಕ್ಕೆ ನೀರಿಲ್ಲ ಅಂದರೆ ಹೊರಗಿನವರು ನಂಬುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆದರೆ ಮಾರ್ಚ್ ಕಳೆಯುವಷ್ಟರಲ್ಲಿ ಅದೇ ತಾಲ್ಲೂಕಿನ ಎಷ್ಟೋ ಮನೆಗಳ ಬಾವಿಯಲ್ಲಿ ತಳ ಕಾಣುತ್ತದೆ. ಬಸಳೆ ಚಪ್ಪರ ಸೊರಗುತ್ತದೆ, ಆಂಥೂರಿಯಂ ಎಲೆಯ ಅಂಚು ಸುಟ್ಟಂತಾಗುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಪಟ್ಟಿಗೆ ಸೇರಿದ್ದವು. ಮಲೆನಾಡಿನ ತಾಲ್ಲೂಕುಗಳೂ ಅದರಲ್ಲಿದ್ದವು. ಅದರ ಹಿಂದೆಯೇ ಬಂದ 2024ರ ಬೇಸಿಗೆಯಲ್ಲಿ, ಹಿತ್ತಲಿಗೆ ನೀರು ಬಿಡುವ ಮುಂಚೆ ಲೆಕ್ಕ ಹಾಕುವ ಪರಿಸ್ಥಿತಿ ಬಂತು. ಇರುವ ನೀರಿನಲ್ಲೇ ಗಿಡಗಳನ್ನು ಜೂನ್ ತನಕ ದಾಟಿಸುವುದು ಹೇಗೆ ಎಂಬ ಪ್ರಶ್ನೆ ಈಗ ತೋಟದವರದ್ದಷ್ಟೇ ಅಲ್ಲ, ನಾಲ್ಕು ಕುಂಡ ಇಟ್ಟುಕೊಂಡವರದ್ದೂ ಹೌದು. ಉತ್ತರ ಬಹುಪಾಲು ಮಣ್ಣಿನಲ್ಲಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಇಷ್ಟು ಮಳೆ ಬೀಳುವ ನೆಲ ಒಣಗುವುದೇಕೆ?

ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಹೆಚ್ಚುಕಡಿಮೆ ಏನೂ ಇಲ್ಲ. ಅಂದರೆ ಗಿಡ ಆ ತಿಂಗಳುಗಳನ್ನು ಮಣ್ಣಿನಲ್ಲಿ ಉಳಿದ ತೇವದ ಮೇಲೆ ಕಳೆಯಬೇಕು.

ಆ ತೇವ ಎಷ್ಟು ಉಳಿಯುತ್ತದೆ ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಜಂಬಿಟ್ಟಿಗೆ ಮಣ್ಣು ಜಾಸ್ತಿ. ಮನೆ ಕಟ್ಟಲು ಕಲ್ಲು ಕಡಿಯುತ್ತಾರಲ್ಲ, ಅದೇ ಕಲ್ಲಿನ ಪುಡಿ ರೂಪ ಇದು. ಇದರಲ್ಲಿ ಸಂದುಗಳು ಬಹಳ. ಮಳೆಗಾಲದಲ್ಲಿ ನೀರು ನಿಲ್ಲದೆ ಬಸಿದು ಹೋಗುವುದರಿಂದ ಬೇರು ಕೊಳೆಯುವುದಿಲ್ಲ, ಅದು ಅನುಕೂಲ. ಬೇಸಿಗೆಯಲ್ಲಿ ಅದೇ ಗುಣ ತೊಂದರೆ ಕೊಡುತ್ತದೆ. ಬಿಟ್ಟ ನೀರು ಬೇರಿನ ಹತ್ತಿರ ನಿಲ್ಲದೆ ಕೆಳಗೆ ಇಳಿದುಬಿಡುತ್ತದೆ.

ಜಾಗವೂ ಮುಖ್ಯ. ಗದ್ದೆ ಬಯಲಿನ ಅಂಚಿನಲ್ಲಿ, ಕೆಳಗಿನ ತೋಟದಲ್ಲಿ ಏಪ್ರಿಲ್‌ನಲ್ಲೂ ಮಣ್ಣು ತಣ್ಣಗಿರುತ್ತದೆ. ಮೇಲಿನ ದಿಬ್ಬದ ಮನೆಯಂಗಳ ಫೆಬ್ರುವರಿಯಲ್ಲೇ ಒಣಗುತ್ತದೆ. ಧರೆ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆಯಿದ್ದರೆ ಕಷ್ಟ ಇನ್ನೂ ಜಾಸ್ತಿ. ಸಾರವಿರುವ ಮೇಲ್ಮಣ್ಣು ಮಣ್ಣಿನ ಲೋಡಿನ ಜೊತೆ ಹೋಗಿರುತ್ತದೆ. ಉಳಿದದ್ದು ಗಟ್ಟಿ ಕೆಂಪು ನೆಲ. ಶಿವಮೊಗ್ಗ ನಗರ, ಭದ್ರಾವತಿ, ಶಿಕಾರಿಪುರದ ಕಡೆ ಕಾಡಿನ ನೆರಳು ಕಡಿಮೆ, ಬಿಸಿಲಿನ ಝಳ ಜಾಸ್ತಿ. ಹಾಗಾಗಿ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಚೆನ್ನಾಗಿ ಬಂದ ಗಿಡ ಶಿವಮೊಗ್ಗ ನಗರದ ನವುಲೆಯ ತಾರಸಿಯ ಮೇಲೆ ಹಾಗೇ ಬರಲಿ ಎಂದು ಕಾಯುವುದು ಗಿಡಕ್ಕೆ ನ್ಯಾಯವಲ್ಲ.

ಕುಡಿದ ನೀರನ್ನು ಗಿಡ ಏನು ಮಾಡುತ್ತದೆ?

ಎಲೆಯ ಮೇಲೆ, ಅದರಲ್ಲೂ ಅಡಿಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಇವಕ್ಕೆ ಪತ್ರರಂಧ್ರ ಎನ್ನುತ್ತಾರೆ. ಗಿಡ ಇವುಗಳ ಮೂಲಕ ಗಾಳಿಯನ್ನು ಒಳಗೆ ಎಳೆದುಕೊಂಡು ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ತೂತು ತೆರೆದಿರುವಷ್ಟು ಹೊತ್ತೂ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಇದೇ ಬಾಷ್ಪವಿಸರ್ಜನೆ. ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಹೀಗೇ ಗಾಳಿಗೆ ಸೇರುತ್ತದೆ. ಹೋಗುತ್ತಾ ಅದು ಎಲೆಯನ್ನು ತಂಪಾಗಿಡುತ್ತದೆ, ಬೇರಿನಿಂದ ಹೊಸ ನೀರನ್ನು ಮೇಲಕ್ಕೆ ಎಳೆಯುತ್ತದೆ. ಹಾಗಾಗಿ ಇದು ಸುಮ್ನೆ ಪೋಲಾಗುವ ನೀರಲ್ಲ.

ಗಾಳಿ ಬಿಸಿಯಾಗಿ, ಒಣಗಿದಷ್ಟೂ ಆವಿಯಾಗುವ ವೇಗ ಹೆಚ್ಚುತ್ತದೆ. ಬೇರು ಕೊಡುವುದಕ್ಕಿಂತ ಎಲೆ ಕಳೆದುಕೊಳ್ಳುವುದು ಜಾಸ್ತಿಯಾದಾಗ ಗಿಡ ತೂತುಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ. ಆದರೆ ಗಾಳಿ ಒಳಗೆ ಬರುವುದೂ ನಿಲ್ಲುವುದರಿಂದ ಆಹಾರ ತಯಾರಿಕೆ ಕುಂಟುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಏಪ್ರಿಲ್‌ನಲ್ಲಿ ಗುಲಾಬಿ ಚಿಗುರುತ್ತಿಲ್ಲ, ಹೂವು ಸಣ್ಣದಾಗಿದೆ ಎಂದು ಬೇಸರಪಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಗಿಡಕ್ಕೆ ಕಾಯಿಲೆಯೇನೂ ಬಂದಿಲ್ಲ. ಅದು ಬೆಳೆಯುವುದನ್ನು ಬಿಟ್ಟು ಬದುಕುವುದರ ಕಡೆ ಗಮನ ಕೊಟ್ಟಿದೆ. ನಾವೂ ಈ ಎರಡು ಮೂರು ತಿಂಗಳು ಅದನ್ನೇ ಮಾಡಬೇಕು.

ಟೊಮ್ಯಾಟೊ ಹೂವು ಉದುರುವುದೂ ಇದೇ ಕಾಲದಲ್ಲಿ. ಹಗಲಿನ ಬಿಸಿ 35 ಡಿಗ್ರಿ ದಾಟಿತೆಂದರೆ ಅದರ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಗೊಬ್ಬರ ಹಾಕಿದರೆ ಇದು ಸರಿಹೋಗುವುದಿಲ್ಲ. ಬೆಂಡೆ, ಬಸಳೆ, ಹರಿವೆ ಬಿಸಿಲನ್ನು ಚೆನ್ನಾಗಿ ತಡೆಯುತ್ತವೆ. ಬೇಸಿಗೆಗೆ ಅವೇ ಸರಿ.

ಬಾಡಿದ ಗಿಡಕ್ಕೆಲ್ಲ ನೀರು ಬೇಕೇ?

ಬೇಡ. ಮಧ್ಯಾಹ್ನ ಎರಡು ಗಂಟೆಗೆ ಕುಂಬಳದ ಎಲೆ, ದಾಸವಾಳದ ಚಿಗುರು ಜೋತು ಬೀಳುವುದು ಸಹಜ. ಬುಡದಲ್ಲಿ ತೇವವಿದ್ದರೂ ಬೇರು ಆ ಹೊತ್ತಿನ ವೇಗಕ್ಕೆ ನೀರು ಪೂರೈಸಲಾರದು. ಬಿಸಿಲು ಇಳಿದ ಮೇಲೆ ಎಲೆ ತಾನಾಗಿ ನೆಟ್ಟಗಾಗುತ್ತದೆ. ನೋಡಬೇಕಾದದ್ದು ಬೆಳಗಿನ ಹೊತ್ತು. ರಾತ್ರಿಯಿಡೀ ತಂಪಿನಲ್ಲಿ ಇದ್ದ ಮೇಲೂ, ಬೆಳಗಾಗುವಾಗ ಗಿಡ ಬಾಡಿಯೇ ಇದ್ದರೆ ಅದಕ್ಕೆ ನಿಜವಾಗಿ ತೊಂದರೆಯಾಗಿದೆ.

ಆಗಲೂ ಕೊಡ ಎತ್ತುವ ಮೊದಲು ಬುಡದಲ್ಲಿ ಬೆರಳು ಇಳಿಸಿ ನೋಡಿ. ಮೇಲಿನ ಒಂದು ಇಂಚು ಬೇಸಿಗೆಯಲ್ಲಿ ಯಾವಾಗಲೂ ಒಣಗಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಗೆಣ್ಣು ಆಳದಲ್ಲಿ ತಣ್ಣಗೆ ತಾಗಿದರೆ ನೀರಿದೆ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆತಿರಬಹುದು. ನೀರು ಜಾಸ್ತಿಯಾದರೂ ಕಮ್ಮಿಯಾದರೂ ಎಲೆ ಜೋಲುವುದು ಒಂದೇ ಥರ. ಬಾಡಿದ್ದನ್ನು ಕಂಡ ಕೂಡಲೇ ಮತ್ತೆ ಮತ್ತೆ ನೀರು ಸುರಿದು ಸತ್ತ ಕುಂಡದ ಗಿಡಗಳು ಕಮ್ಮಿಯಿಲ್ಲ.

ನೀರು: ಯಾವಾಗ, ಎಷ್ಟು, ಎಲ್ಲಿಗೆ?

ಬೆಳಗ್ಗೆ ಏಳರೊಳಗೆ ಕೊಡುವುದು ಅತ್ಯುತ್ತಮ. ನೆಲ ತಂಪಾಗಿರುತ್ತದೆ, ಬಿಸಿಲೇರುವ ಮೊದಲು ನೀರು ಕೆಳಗಿಳಿಯುತ್ತದೆ, ಗಿಡ ಹಗಲಿಗೆ ಸಿದ್ಧವಾಗಿರುತ್ತದೆ. ಆಗದವರು ಸಂಜೆ ಕೊಡಬಹುದು, ಆದರೆ ಎಲೆಗೆ ತಾಗದಂತೆ ಮಣ್ಣಿಗೆ ಕೊಡಿ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಬೂಷ್ಟು, ಚುಕ್ಕೆ ರೋಗ ಹತ್ತುತ್ತವೆ.

ನಿತ್ಯ ಸ್ವಲ್ಪ ಸ್ವಲ್ಪ ಚಿಮುಕಿಸುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಪೈಪು ಹಿಡಿದು ಒಂದು ಸುತ್ತು ಬಂದರೆ ಎಲ್ಲ ಹಸಿರಾಗಿ ಕಾಣುತ್ತದೆ, ಮನಸ್ಸಿಗೂ ಹಿತ. ಆದರೆ ಆ ನೀರು ಮೇಲಿನ ಒಂದೆರಡು ಇಂಚನ್ನಷ್ಟೇ ನೆನೆಸಿ ಮಧ್ಯಾಹ್ನದೊಳಗೆ ಆವಿಯಾಗುತ್ತದೆ. ನೀರು ಮೇಲೇ ಸಿಗುವುದರಿಂದ ಬೇರೂ ಮೇಲೇ ಹರಡುತ್ತದೆ. ಒಂದು ದಿನ ತಪ್ಪಿದರೆ ಮೊದಲು ಸಾಯುವುದು ಆ ಮೇಲ್ಬೇರು. ಅದರ ಬದಲು ಮೂರು ನಾಲ್ಕು ದಿನಕ್ಕೊಮ್ಮೆ, ನಿಧಾನವಾಗಿ, ಒಂದಡಿ ಆಳ ನೆನೆಯುವಷ್ಟು ಕೊಡಿ. ಬೇರು ನೀರನ್ನು ಹುಡುಕಿ ಕೆಳಗೆ ಹೋಗುತ್ತದೆ. ಅಲ್ಲಿ ಮಣ್ಣು ತಂಪು. ಸೊಪ್ಪಿನ ಮಡಿ, ಹೊಸ ಸಸಿ, ಕುಂಡದ ಗಿಡಗಳಿಗೆ ಮಾತ್ರ ಈ ಅಂತರ ಸಾಲದು, ಅವನ್ನು ದಿನವೂ ನೋಡಬೇಕು.

ಎಷ್ಟು ಅನ್ನುವುದಕ್ಕೆ ಸುಲಭದ ಲೆಕ್ಕವಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಗುಲಾಬಿಯ ಬುಡದ ಪಾತಿ ಎರಡಡಿ ಉದ್ದ, ಎರಡಡಿ ಅಗಲ ಇದ್ದರೆ 15 ಲೀಟರಿನ ಒಂದು ಬಕೆಟ್ ನೀರು ಅದಕ್ಕೆ 40 ಮಿಲಿಮೀಟರ್ ಮಳೆ ಬಿದ್ದಷ್ಟಾಯಿತು. ಚೆನ್ನಾಗಿ ನೆನೆಯಲು ಅದು ಸಾಕು. ಫಲ ಕೊಡುವ ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 16ರಿಂದ 20 ಲೀಟರ್ ಬೇಕು. ಹಿತ್ತಲಿನಲ್ಲಿ ನಾಲ್ಕು ಅಡಿಕೆ ಮರ ಇರುವವರೂ ಈ ಲೆಕ್ಕ ಇಟ್ಟುಕೊಳ್ಳಬಹುದು.

ನೀರು ಬೀಳಬೇಕಾದದ್ದು ಕಾಂಡದ ಬುಡಕ್ಕಲ್ಲ, ಎಲೆಗಳ ಹರಡು ಮುಗಿಯುವ ಅಂಚಿನ ಕೆಳಗೆ. ನೀರು ಹೀರುವ ಎಳೆ ಬೇರುಗಳು ಇರುವುದು ಅಲ್ಲಿ.

ಪೂರ್ತಿ ಒಣಗಿದ ಮಣ್ಣಿನದ್ದು ಇನ್ನೊಂದು ಸಮಸ್ಯೆ. ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಮೇಲಿಂದಲೇ ಹರಿದು ಹೋಗುತ್ತದೆ. ಆಗ ಮೊದಲು ಒಂದು ಚೆಂಬು ಸುರಿದು ಹತ್ತು ನಿಮಿಷ ಬಿಡಿ. ಮೇಲ್ಮಣ್ಣು ಮೆತ್ತಗಾದ ಮೇಲೆ ಉಳಿದದ್ದನ್ನು ಕೊಡಿ.

ನೀರು ಕಮ್ಮಿಯಿದ್ದಾಗ ಬಚ್ಚಲ ನೀರು ಕೈಹಿಡಿಯುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲಿನ ಹಿಂದೆ ಬಾಳೆ, ಕೆಸು, ತೆಂಗು ಇರುತ್ತಿದ್ದದ್ದು ಇದಕ್ಕೇ. ಸ್ನಾನದ ನೀರು ಇವಕ್ಕೆ ಪರವಾಗಿಲ್ಲ. ಬಟ್ಟೆ ಒಗೆದ ನೀರಿನಲ್ಲಿ ಸೋಡಾ ಅಂಶ ಜಾಸ್ತಿ, ಅದು ಬೀಳುತ್ತಲೇ ಇದ್ದರೆ ಮಣ್ಣು ಬಿಗಿದು ಕೆಡುತ್ತದೆ. ಅದನ್ನು ಹೆಚ್ಚು ನೀರಿನ ಜೊತೆ ಬೆರೆಸಿ, ಜಾಗ ಬದಲಿಸುತ್ತಾ ಬಿಡಿ. ಸೊಪ್ಪು ತರಕಾರಿಗೆ ಬೇಡವೇ ಬೇಡ. ಅಕ್ಕಿ ತೊಳೆದ ಅಕ್ಕಚ್ಚು ಮಾತ್ರ ಎಲ್ಲ ಗಿಡಕ್ಕೂ ಒಳ್ಳೆಯದು, ಕೊಟ್ಟಿಗೆಯಲ್ಲಿ ದನ ಇಲ್ಲದ ಮನೆಯಾದರೆ.

ಮುಚ್ಚಿಗೆ: ದರಗಿಗೆ ಬೆಂಕಿ ಹಚ್ಚಬೇಡಿ

ಇಡೀ ಬೇಸಿಗೆಯಲ್ಲಿ ಒಂದೇ ಕೆಲಸ ಮಾಡಲು ಸಾಧ್ಯ ಅಂದರೆ ಇದನ್ನು ಮಾಡಿ. ಗಿಡದ ಬುಡದ ಮಣ್ಣನ್ನು ದರಗು ಅಂದರೆ ಉದುರಿದ ಒಣ ಎಲೆ, ಹುಲ್ಲು, ಸಿಪ್ಪೆಗಳಿಂದ ಮುಚ್ಚುವುದಕ್ಕೆ ಮುಚ್ಚಿಗೆ ಎನ್ನುತ್ತಾರೆ. ಕೃಷಿ ಇಲಾಖೆಯವರ ಬಾಯಲ್ಲಿ ಇದು ಮಲ್ಚಿಂಗ್.

ಬರಿ ಮಣ್ಣಿನ ಮೇಲೆ ನೇರ ಬಿಸಿಲು ಬಿದ್ದರೆ ಮಣ್ಣು ಕಾದು, ಒಳಗಿನ ತೇವ ಮೇಲೇರಿ ಆವಿಯಾಗುತ್ತದೆ. ಮೇಲಿನದು ಒಣಗಿದಂತೆ ಕೆಳಗಿನ ತೇವವೂ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತಿರುತ್ತದೆ. ನಡುವೆ ಮೂರು ನಾಲ್ಕು ಇಂಚು ದರಗು ಇದ್ದರೆ ಬಿಸಿಲೂ ಗಾಳಿಯೂ ಮಣ್ಣಿಗೆ ತಾಗುವುದಿಲ್ಲ. ಕಳೆ ಹುಟ್ಟುವುದೂ ಕಡಿಮೆ. ತಂಪಿದ್ದ ಕಡೆ ಎರೆಹುಳ ಮೇಲೆ ಬರುತ್ತದೆ. ಮಳೆಗಾಲದಲ್ಲಿ ಅದೇ ದರಗು ಕೊಳೆತು ಗೊಬ್ಬರವಾಗುತ್ತದೆ. ಜಂಬಿಟ್ಟಿಗೆ ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಬರುವುದೇ ಹೀಗೆ ಕೊಳೆತ ಸೊಪ್ಪಿನಿಂದ. ಸೊಪ್ಪಿನಬೆಟ್ಟದಿಂದ ಸೊಪ್ಪು ದರಗು ತಂದು ತೋಟಕ್ಕೆ ಹಾಕುತ್ತಾ ಬಂದವರ ಮಣ್ಣು ಕಪ್ಪಾಗಿ ಮೆತ್ತಗಿರುವುದನ್ನು ನೀವು ನೋಡಿರಬಹುದು.

ಹೀಗಿರುವಾಗ ಫೆಬ್ರುವರಿ ಮಾರ್ಚ್‌ನಲ್ಲಿ ಅಂಗಳ ಗುಡಿಸಿ ದರಗಿಗೆ ಬೆಂಕಿ ಹಚ್ಚುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗಿಡಕ್ಕೆ ಅತಿ ಬೇಕಾದ ವಸ್ತು ಅತಿ ಬೇಕಾದ ಹೊತ್ತಿನಲ್ಲಿ ಬೂದಿಯಾಗುತ್ತದೆ. ಕಿಡಿ ಹಾರಿ ಕಾಡಿಗೆ ಬೆಂಕಿ ಬೀಳುವ ಅಪಾಯ ಬೇರೆ.

ಏನು ಹಾಸಬಹುದು? ಹಲಸು, ಮಾವಿನ ದರಗು ಎಲ್ಲಕ್ಕೂ ಸರಿ. ಅಕೇಶಿಯಾ ಎಲೆ ಕೊಳೆಯುವುದು ಬಹಳ ನಿಧಾನ. ಗೊಬ್ಬರಕ್ಕೆ ಅದು ಕೊರತೆ, ಬೇಸಿಗೆಯ ಮುಚ್ಚಿಗೆಗೆ ಅದೇ ಅನುಕೂಲ. ಅಡಿಕೆ ಸೋಗೆಯನ್ನು ತುಂಡು ಮಾಡಿ ಹಾಸಿದರೆ ಗಾಳಿಗೆ ಹಾರುವುದಿಲ್ಲ. ಅಡಿಕೆ ಸಿಪ್ಪೆಯೂ ಒಳ್ಳೆಯದೇ. ಆದರೆ ಹಸಿ ಸಿಪ್ಪೆಯನ್ನು ಮಣ್ಣಿನೊಳಗೆ ಬೆರೆಸಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಈ ತೊಂದರೆಯಿಲ್ಲ. ಗೊನೆ ಕಡಿದ ಬಾಳೆಯ ದಿಂಡನ್ನು ಸೀಳಿ ಬುಡದ ಸುತ್ತ ಇಟ್ಟರೆ ಅದರೊಳಗಿನ ನೀರೂ ಮಣ್ಣಿಗೆ ಸಿಗುತ್ತದೆ.

ಹಾಸುವ ಮೊದಲು ನೆಲಕ್ಕೆ ಚೆನ್ನಾಗಿ ನೀರು ಕೊಡಿ. ಒಣ ಮಣ್ಣನ್ನು ಮುಚ್ಚಿದರೆ ಒಣಗಿದ್ದೇ ಒಳಗೆ ಉಳಿಯುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯಬಹುದು, ಗೆದ್ದಲೂ ಹತ್ತಬಹುದು. ಮನೆ ಗೋಡೆಗೆ, ಬಾಗಿಲ ಹಾದಿಗೆ ತಾಗಿಸಿ ದರಗಿನ ರಾಶಿ ಹಾಕಬೇಡಿ. ಬೆಂಕಿಯ ಭಯ ಒಂದು, ತಂಪು ಹುಡುಕಿ ಬರುವ ಹಾವು ಇನ್ನೊಂದು.

ನೆರಳು ಎಲ್ಲಿಗೆ ಬೇಕು?

ಇದಕ್ಕೆ ಸೂರ್ಯ ಹೋಗುವ ದಾರಿ ಗೊತ್ತಿರಬೇಕು. ಡಿಸೆಂಬರ್ ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮಧ್ಯಾಹ್ನದ ಮೇಲಿನ ಓರೆ ಬಿಸಿಲು ನೈರುತ್ಯದಿಂದ ಬರುತ್ತದೆ. ಅಡಿಕೆ ತೋಟದ ದಕ್ಷಿಣ, ಪಶ್ಚಿಮ ಅಂಚಿನ ಮರಗಳ ಕಾಂಡ ಸುಟ್ಟು ಹಳದಿಯಾಗಿ, ಮುಂದೆ ಸೀಳುವುದು ಈ ಬಿಸಿಲಿಗೇ. ಅದಕ್ಕೇ ಆ ಮಗ್ಗುಲಿಗೆ ಅಡಿಕೆ ಹಾಳೆ, ಸೋಗೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ.

ಮಾರ್ಚ್ 21ರ ನಂತರ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ಸರಿಯುತ್ತಾ ಹೋಗುತ್ತದೆ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ ನಡುಹಗಲಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಲ್ಲೂ ಉತ್ತರದ ಕಡೆಗೇ ಇರುತ್ತಾನೆ. ಚಳಿಗಾಲವಿಡೀ ತಂಪಾಗಿದ್ದ ಉತ್ತರದ ಜಗಲಿಗೆ ಏಪ್ರಿಲ್ ಮೇ ತಿಂಗಳಲ್ಲಿ ಬೆಳಗ್ಗೆ ಸಂಜೆ ಬಿಸಿಲು ಬೀಳುವುದು ಇದಕ್ಕೆ. ಅಲ್ಲಿಟ್ಟ ಆಂಥೂರಿಯಂ, ಜರಿಗಿಡಗಳು ಇದ್ದಕ್ಕಿದ್ದಂತೆ ಸುಟ್ಟುಕೊಂಡರೆ ಕಾರಣ ಇದೇ ಇರಬಹುದು. ಎರಡಡಿ ಒಳಗೆ ಸರಿಸಿದರೆ ಸಾಕಾಗುತ್ತದೆ.

ತರಕಾರಿ ಮಡಿಗೆ, ತಾರಸಿಯ ಗಿಡಗಳಿಗೆ ಅರ್ಧ ಬಿಸಿಲು ತಡೆಯುವ, ಅಂದರೆ ಶೇಕಡಾ 50ರ ಹಸಿರು ನೆಟ್ ಸಾಕು. ಗಿಡಕ್ಕೆ ತಾಗದಂತೆ ಎತ್ತರದಲ್ಲಿ ಕಟ್ಟಿ, ಪಕ್ಕಗಳನ್ನು ಗಾಳಿಗೆ ಬಿಡಿ. ನೆಟ್ ಇಲ್ಲದಿದ್ದರೆ ತೆಂಗಿನ ಗರಿ, ಅಡಿಕೆ ಸೋಗೆಯ ಚಪ್ಪರ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸದಾಗಿ ನೆಟ್ಟ ಕಾಳುಮೆಣಸಿನ ಬಳ್ಳಿಗೂ ಸೋಗೆಯ ಮರೆ ಬೇಕು. ಮಲ್ಲಿಗೆಗೆ ಮಾತ್ರ ನೆರಳು ಮಾಡಬೇಡಿ. ಅದರ ಹೂವಿನ ಕಾಲವೇ ಇದು, ಬಿಸಿಲು ಬೇಕು.

ಕುಂಡದ ಗಿಡಗಳು

ನೆಲದ ಗಿಡದ ಬೇರು ತಂಪು ಹುಡುಕಿ ಕೆಳಗೆ ಹೋಗಬಹುದು. ಕುಂಡದ ಬೇರಿಗೆ ಆ ದಾರಿಯಿಲ್ಲ. ಕಪ್ಪು ಪ್ಲಾಸ್ಟಿಕ್ ಕುಂಡ, ಗ್ರೋ ಬ್ಯಾಗ್‌ಗಳ ಗೋಡೆ ಬಿಸಿಲಿಗೆ ಕಾದು, ಅದಕ್ಕೆ ತಾಗಿದ ಬೇರು ಬೇಯುತ್ತದೆ. ಮಣ್ಣಿನ ಕುಂಡ ನೀರನ್ನು ಹೊರಗೋಡೆಯಿಂದ ಆವಿಯಾಗಿಸಿ ತಣ್ಣಗಿರುತ್ತದೆ, ಆದರೆ ಬೇಗ ಒಣಗುತ್ತದೆ.

ಕುಂಡಗಳನ್ನು ಬಿಡಿಬಿಡಿಯಾಗಿ ಇಡದೆ ಒತ್ತಾಗಿ ಗುಂಪು ಮಾಡಿ. ದೊಡ್ಡವು ಪಶ್ಚಿಮಕ್ಕೆ, ಸಣ್ಣವು ಅವುಗಳ ಮರೆಗೆ. ತಾರಸಿಯ ಸಿಮೆಂಟಿನ ಮೇಲೆ ನೇರ ಇಡದೆ ಕೆಳಗೆ ಇಟ್ಟಿಗೆ ಅಥವಾ ಹಲಗೆ ಕೊಡಿ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಕುಂಡ ಒಮ್ಮೆ ಪೂರ್ತಿ ಒಣಗಿದರೆ ಒಳಗಿನದು ಕುಗ್ಗಿ ಅಂಚು ಬಿಡುತ್ತದೆ. ಮೇಲಿಂದ ಸುರಿದ ನೀರು ಆ ಸಂದಿನಲ್ಲಿ ಇಳಿದು ತಳದಿಂದ ಹೊರಬರುತ್ತದೆ. ನೀವು ನೀರು ಕೊಟ್ಟೆ ಅಂದುಕೊಳ್ಳುತ್ತೀರಿ, ಬೇರಿಗೆ ಸಿಕ್ಕಿರುವುದಿಲ್ಲ. ಅಂಥ ಕುಂಡವನ್ನು ಅರ್ಧ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಕೆಳಗಿಂದ ನೆನೆದ ಮೇಲೆ ಎತ್ತಿ.

ಮರದ ಮೇಲೆ ಹತ್ತಿಸಿದ ಸೀತಾಳೆ ದಂಡೆ ಎಂಬ ಆರ್ಕಿಡ್‌ಗೆ ಮಣ್ಣೇ ಇಲ್ಲ. ಬೇರು ಗಾಳಿಯ ತೇವವನ್ನು, ತೊಗಟೆಯ ಮೇಲೆ ಇಳಿದ ನೀರನ್ನು ಹೀರುತ್ತದೆ. ಬೆಳಗ್ಗೆ ಒಮ್ಮೆ ಬೇರಿಗೆ ನೀರು ಸಿಂಪಡಿಸಿದರೆ ಮಳೆ ಹತ್ತಿರವಾದಾಗ ಹೂಗೊಂಚಲು ಬಿಡಲು ಅದಕ್ಕೆ ಶಕ್ತಿ ಉಳಿದಿರುತ್ತದೆ.

ಗೊಬ್ಬರ ಈಗ ಬೇಡ

ಸೊರಗಿದ ಗಿಡ ನೋಡಿ ಒಂದು ಹಿಡಿ ಯೂರಿಯಾ ಹಾಕಬೇಕು ಅನಿಸುತ್ತದೆ, ಅಲ್ವಾ? ತಡೆಯಿರಿ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಏನಾಗುತ್ತದೆ? ಮಿಡಿಯೊಳಗಿನ ನೀರು ಹೊರಗೆ ಬಂದು ಭರಣಿಯಲ್ಲಿ ನಿಲ್ಲುತ್ತದೆ, ಮಿಡಿ ಸುಕ್ಕಾಗುತ್ತದೆ. ರಾಸಾಯನಿಕ ಗೊಬ್ಬರವೂ ಉಪ್ಪಿನ ಹಾಗೇ ಕೆಲಸ ಮಾಡುತ್ತದೆ. ಒಣ ಮಣ್ಣಿನಲ್ಲಿ ಅದು ಗಟ್ಟಿಯಾಗಿ ಕೂತರೆ ನೀರು ಬೇರಿನೊಳಗೆ ಹೋಗುವ ಬದಲು ಬೇರಿನಿಂದ ಹೊರಗೆ ಬರುತ್ತದೆ. ಮರುದಿನ ಎಲೆಯಂಚು ಸುಡುತ್ತದೆ. ಹಸಿ ಕೋಳಿಗೊಬ್ಬರವೂ ಹೀಗೇ. ಕೊಡಲೇಬೇಕು ಅಂದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮುಚ್ಚಿಗೆಯ ಕೆಳಗೆ ತೆಳುವಾಗಿ ಹಾಕಿ, ಅಥವಾ ಸಗಣಿ, ಗಂಜಲದಿಂದ ಮಾಡುವ ಜೀವಾಮೃತವನ್ನು ತೆಳ್ಳಗೆ ಮಾಡಿ ಒದ್ದೆ ಮಣ್ಣಿಗೆ ಕೊಡಿ.

ಗಿಡ ಸವರುವುದನ್ನೂ ಮುಂದೂಡಿ. ಸವರಿದ ಕಡೆ ಹೊಸ ಚಿಗುರು ಬರುತ್ತದೆ, ಎಳೆ ಚಿಗುರಿಗೆ ನೀರು ಜಾಸ್ತಿ ಬೇಕು. ಸುಟ್ಟ ಎಲೆ ನೋಡಲು ಚೆಂದವಿಲ್ಲದಿದ್ದರೂ ಕೆಳಗಿನ ಎಲೆಗೆ ನೆರಳಾಗಿರುತ್ತದೆ, ಇರಲಿ ಬಿಡಿ. ಏಪ್ರಿಲ್‌ನಲ್ಲಿ ಕಸಿ ಗಿಡ ಕೊಂಡಿದ್ದರೆ ನೆಡುವ ಅವಸರ ಬೇಡ. ಚೀಲದಲ್ಲೇ, ಮರದ ನೆರಳಿನಲ್ಲಿ ಜೂನ್‌ವರೆಗೆ ಕಾಯಲಿ.

ಬಿಸಿಲಿನ ಜೊತೆ ಬರುವ ಹುಳ

ಎಲೆಯ ಮೇಲೆ ಸಣ್ಣ ಮಾಸಲು ಚುಕ್ಕೆ, ಅಡಿಯಲ್ಲಿ ತೆಳುವಾದ ಬಲೆ ಕಂಡರೆ ಅದು ನುಸಿ. ಒಣಹವೆಯಲ್ಲಿ ಬಹಳ ವೇಗವಾಗಿ ಹೆಚ್ಚುತ್ತದೆ. ಬದನೆ, ಬೆಂಡೆ, ಗುಲಾಬಿ ಅದಕ್ಕೆ ಪ್ರಿಯ. ಬೆಳಗ್ಗೆ ಎಲೆಯ ಅಡಿಗೆ ರಭಸದಿಂದ ನೀರು ಹೊಡೆದರೆ ಅರ್ಧ ಹತೋಟಿಗೆ ಬರುತ್ತದೆ. ದಾಸವಾಳದ ಗೆಣ್ಣಿನಲ್ಲಿ ಬಿಳಿ ಹತ್ತಿಯಂತೆ ಅಂಟಿಕೊಳ್ಳುವುದು ಹಿಟ್ಟುತಿಗಣೆ. ಅದರ ಸಿಹಿ ಅಂಟಿಗೆ ಬರುವ ಇರುವೆಗಳೇ ಅದನ್ನು ಕಾಯುತ್ತವೆ, ಹಾಗಾಗಿ ಇರುವೆ ಹತ್ತುವುದನ್ನೂ ತಡೆಯಬೇಕು. ಬೇವಿನೆಣ್ಣೆ ಸಿಂಪಡಿಸುವುದಾದರೆ ಬಿಸಿಲು ಇಳಿದ ಮೇಲೆ ಮಾತ್ರ. ಹಗಲು ಹೊಡೆದರೆ ಎಲೆ ಸುಡುತ್ತದೆ.

ಮೊದಲ ಮಳೆ ಬಂದಾಗ

ಏಪ್ರಿಲ್ ಮಧ್ಯದ ಅಶ್ವಿನಿ, ಅದರ ಹಿಂದೆ ಭರಣಿ, ಕೃತ್ತಿಕೆ. ಗುಡುಗಿನ ಜೊತೆ ಬರುವ ಈ ಅಡ್ಡಮಳೆ ಬಿದ್ದ ಕೂಡಲೇ ನೀರು ಕೊಡುವುದನ್ನು ನಿಲ್ಲಿಸಬೇಡಿ. 5 ಮಿಲಿಮೀಟರ್ ಮಳೆ ಅಂದರೆ ಚದರ ಮೀಟರಿಗೆ 5 ಲೀಟರ್ ಅಷ್ಟೇ. ಮಣ್ಣು ಘಂ ಅನ್ನುತ್ತದೆ, ಎರಡು ಇಂಚಿನ ಕೆಳಗೆ ಒಣಗಿಯೇ ಇರುತ್ತದೆ. ದರಗು ಹಾಸಿದಲ್ಲಿ ಆ ನೀರನ್ನು ದರಗೇ ಹೀರಿಕೊಂಡಿರಬಹುದು. ಸರಿಸಿ, ಬೆರಳಿಟ್ಟು ನೋಡಿ.

ಎರಡು ಮೂರು ಒಳ್ಳೆಯ ಮಳೆಯಾಗಿ ಮಣ್ಣು ಆಳಕ್ಕೆ ನೆನೆದ ಮೇಲೆ ಶುಂಠಿ, ಅರಿಶಿನ ಹಾಕಬಹುದು. ನಮ್ಮ ಕಡೆಯ ಮಣ್ಣು ಭಾರೀ ಮಳೆಗೆ ಸುಣ್ಣದ ಅಂಶ ಕಳೆದುಕೊಂಡು ಹುಳಿಯಾಗಿರುತ್ತದೆ, ಸುಣ್ಣ ಹಾಕಲೂ ಇದೇ ಸಮಯ. ಎಷ್ಟು ಹಾಕಬೇಕೆಂಬುದು ಮಣ್ಣು ಪರೀಕ್ಷೆಯಿಂದ ತಿಳಿಯುತ್ತದೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ರೋಹಿಣಿ ಮಳೆ ಶುರುವಾಗುವ ಮೇ ಕೊನೆಯ ಹೊತ್ತಿಗೆ ಕೆಲಸ ತಿರುಗುಮುರುಗು. ನೀರು ನಿಲ್ಲಲೆಂದು ಕಟ್ಟಿದ ಪಾತಿಯ ಏರಿಯನ್ನು ಒಂದು ಕಡೆ ಒಡೆದು ಬಸಿಯಲು ದಾರಿ ಮಾಡಿ. ತೋಟದ ನೀರು ಬಸಿಯುವ ಕಪ್ಪುಗಾಲುವೆಯಲ್ಲಿ ಬಿದ್ದ ಸೋಗೆ, ಮಣ್ಣು ತೆಗೆಯಿರಿ. ಉಳಿದ ದರಗನ್ನು ಬುಡದಿಂದ ಇನ್ನೊಂದು ಗೇಣು ಆಚೆ ಎಳೆದುಬಿಡಿ. ಹಸಿರು ನೆಟ್ ಬಿಚ್ಚುವುದನ್ನು ಮಾತ್ರ ಮೋಡ ಕವಿದ ದಿನವೇ ಮಾಡಿ. ಎರಡು ತಿಂಗಳು ನೆರಳಲ್ಲಿದ್ದ ಎಲೆಗೆ ಮಳೆಯ ನಡುವಿನ ಒಂದು ದಿನದ ಬಿಸಿಲೂ ಜೋರಾಗಿ ತಾಗುತ್ತದೆ.